ಗಟ್ಟಿ ಮಗು

ಅಲ್ಲ ಕಣೇ, ನೀನು ಸಿಟ್ಟು ಮಾಡ್ಕೋಬೇಡ. ಆ ನರ್ಸಿಗೇನು ಗೊತ್ತು? ‘ಅಮ್ಮನ ಜೊತೆ ಇರೋಕೆ ದೊಡ್ಡ ಮಗಳು ಬಂದ್ರಾ’ ಅಂತ, ನಿನ್ನ ನನ್ನ ಮಗಳು ಅಂದ್ಕೊಂಡು ಕೇಳಿದ್ಲು, ಅಷ್ಟೇ. ನಾವಿಬ್ರೂ ಅವಳಿಜವಳಿ, ಒಂದೇ ದಿನ ಹುಟ್ಟಿದವ್ರು ಅಂದ್ರೆ ಯಾರು ನಂಬ್ತಾರೆ? ನಂಗಂತೂ ನಗು ಬಂತು. ನಿಂಗೆ ಬರ್ಲಿಲ್ವಾ... ಹೋಗ್ಲಿ ಬಿಡು. ಬಾ, ಮಂಚದ ಮೇಲೇ ಕೂತ್ಕೋ. ಆ ಸ್ಟೂಲು ಅಲ್ಲಾಡತ್ತೆ. ನಾನು ಹೀಗೆ ಒರಗಿಕೊಂಡೇ ಇರ್ತೀನಿ, ಪೂರ್ತಿ ಮಲಗಿದ್ರೆ ಉಸಿರು ಸಿಗಲ್ಲ.

ಕಾಲು ನೋಡ್ಬೇಡ. ಸ್ವಲ್ಪ ಊದಿದೆ ಅಷ್ಟೇ.

ಈ ಡಾಕ್ಟ್ರು ನನ್ನ ಎದೆ ಪರೀಕ್ಷೆ ಮಾಡಿ ಒಂದು ಮಾತು ಕೇಳಿದ್ರು ಕಣೇ. ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಆಮೇಲೆ ಜ್ವರ, ಕೀಲೆಲ್ಲ ಊದಿಕೊಂಡಿತ್ತಾ ಅಂತ. ನಿಮಗೆ ಹೇಗೆ ಗೊತ್ತಾಯ್ತು ಸಾರ್ ಅಂದೆ. ಒಂಬತ್ತೋ ಹತ್ತೋ ವರ್ಷ ಆಗ ನಂಗೆ. ಇವತ್ತು ಮೊಣಕಾಲು, ನಾಳೆ ಮೊಣಕೈ... ಬಾಡಿಗೆಯವರ ಹಾಗೆ ನೋವು ಜಾಗ ಬದಲಾಯಿಸ್ತಾ ಇತ್ತು. ಅಮ್ಮ ಇಸ್ತ್ರಿ ಪೆಟ್ಟಿಗೆಗೆ ಬಟ್ಟೆ ಒತ್ತಿ ಒತ್ತಿ ಶಾಖ ಕೊಟ್ಲು. ಇನ್ನೇನು ಮಾಡ್ತಾಳೆ? ಆಸ್ಪತ್ರೆಗೆ ಅಂತ ಕೆಲಸ ತಪ್ಪಿಸಿದ್ರೆ ಲಾಂಡ್ರಿ ಯಜಮಾನ ಹಿಂದುಗಡೆ ನಾವಿದ್ದ ರೂಮೂ ಖಾಲಿ ಮಾಡು ಅಂತಿದ್ದ. ಕೆಲಸಕ್ಕೂ ಸೂರಿಗೂ ಗಂಟು ಹಾಕಿ ಇಟ್ಟಿದ್ದ ಅವನು. ಕೆಲವು ದಿನಕ್ಕೆ ನೋವು ತಾನಾಗೇ ಹೋಯ್ತು. ‘ನನ್ನ ಮಗಳು ಗುಂಡುಕಲ್ಲು’ ಅಂತ ಅಮ್ಮ ಲಾಂಡ್ರಿಯಲ್ಲೆಲ್ಲ ಹೇಳ್ಕೊಂಡು ಬಂದ್ಲು.

ಹೋಗಿರ್ಲಿಲ್ವಂತೆ ಕಣೇ. ಕೀಲು ಬಿಟ್ಟು ಹೃದಯದಲ್ಲಿ ಹೋಗಿ ಕೂತಿತ್ತಂತೆ. ರಕ್ತ ಹಿಂದಕ್ಕೆ ಬರದ ಹಾಗೆ ಅಲ್ಲಿ ಚಿಕ್ಕ ಚಿಕ್ಕ ಬಾಗಿಲು ಇರತ್ತಂತಲ್ಲ, ಅದನ್ನ ಹಾಳು ಮಾಡಿ ಇಟ್ಟಿತ್ತಂತೆ. ನಂಗೇನು ಗೊತ್ತು? ಆ ಎದೆ ಇಟ್ಕೊಂಡೇ ಒದ್ದೆ ಬೆಡ್‌ಶೀಟು ಹೊತ್ತಿದೀನಿ, ಇಡೀ ದಿನ ನಿಂತು ಇಸ್ತ್ರಿ ಮಾಡಿದೀನಿ, ಒಂದು ಮಗು ಹೆತ್ತಿದೀನಿ. ಮೆಟ್ಟಿಲು ಹತ್ತಿದ್ರೆ ಏದುಸಿರು ಬಂದಾಗೆಲ್ಲ, ಎಲ್ರಿಗೂ ಹೀಗೇ ಆಗತ್ತೆ ಅಂದ್ಕೊಂಡಿದ್ದೆ.

ನೀನ್ಯಾಕೆ ತಲೆ ತಗ್ಗಿಸ್ತೀಯಾ? ನಿಂದೇನು ತಪ್ಪು ಇದರಲ್ಲಿ? ಹುಟ್ಟಿದಾಗ ನೀನು ಅಂಗೈಯಷ್ಟಿದ್ಯಂತೆ. ಅಳೋಕೂ ಶಕ್ತಿ ಇರ್ಲಿಲ್ಲ. ಗುಬ್ಬಿ ಅಂತ ಹೆಸರು ಬಿದ್ದಿದ್ದೇ ಹಾಗೆ. ಒಂದು ಮಗುನ ನಾನು ಸಾಕ್ತೀನಿ ಅಂತ ದೊಡ್ಡಮ್ಮ ಬಂದಾಗ ಅಮ್ಮ ನಿನ್ನ ಎತ್ತಿ ಕೊಟ್ಲು. ‘ಈ ಹಬೆಯಲ್ಲಿ ಇದು ಉಳಿಯಲ್ಲ ಅಕ್ಕ. ಇನ್ನೊಂದು ಗಟ್ಟಿ, ಎಲ್ಲಿ ಬಿಸಾಕಿದ್ರೂ ಬದುಕ್ಕೊಳತ್ತೆ.’ ಅಮ್ಮ ಸಾಯೋವರೆಗೂ ಈ ಮಾತು ಹೇಳ್ತಿದ್ಲು. ಹೆಮ್ಮೆಯಿಂದ ಹೇಳ್ತಿದ್ಲು ಕಣೇ. ಪಾಪ, ಅವಳು ಸರಿಯಾಗೇ ಯೋಚಿಸಿದ್ಲು. ನಾನಾಗಿದ್ರೂ ಹಾಗೇ ಮಾಡ್ತಿದ್ದೆ.

ದೊಡ್ಡಮ್ಮನ ಮನೆಯಲ್ಲಿ ನಿಂಗೆ ಬಿಸಿಲು ಬೀಳೋ ಕಿಟಕಿ ಇತ್ತು. ಹಾಲು ಇತ್ತು. ಒಂದು ಸಲ ಕೆಮ್ಮಿದ್ರೆ ಡಾಕ್ಟ್ರು. ಗಂಟಲು ನೋವು ನಿಂಗೂ ಬಂದಿರತ್ತೆ, ಯಾರಿಗೆ ಬರಲ್ಲ? ಮಾತ್ರೆ ನುಂಗಿ ಮರೆತಿರ್ತೀಯಾ. ನೆನಪಿದ್ಯಾ, ರಜೆಯಲ್ಲಿ ಬಂದಾಗ ನಿನ್ನ ಚರ್ಮದ ಬೂಟು ನಮ್ಮ ಗೋಡೆ ಪಕ್ಕ ಇಟ್ಟಿದ್ದೆ. ಹೊರಡೋ ದಿನ ನೋಡಿದ್ರೆ ಬೂಷ್ಟು ಹಿಡಿದಿತ್ತು. ನೀನು ಅತ್ತಿದ್ದೂ ಅತ್ತಿದ್ದೇ. ನಾನು ನಗ್ತಿದ್ದೆ. ಗೋಡೆ ಅಂದ್ಮೇಲೆ ಒದ್ದೆ ಇರದೆ ಇನ್ನೇನು ಅಂತ.

ಹೌದು, ಈಗ್ಲೂ ಅದೇ ರೂಮೇ. ಅಮ್ಮನ ಕೆಲಸ ನಂಗೆ ಬಂತು, ಕೆಲಸದ ಜೊತೆ ರೂಮೂ ಬಂತು. ನನ್ನ ಮಗಳೂ ಆ ಗೋಡೆ ಪಕ್ಕಾನೇ ಮಲಗೋದು.

ಅವಳಿಗೂ ಈ ವಾರ ಗಂಟಲು ನೋವು. ‘ಅಮ್ಮಾ, ಎಂಜಲು ನುಂಗೋಕಾಗಲ್ಲ’ ಅಂದ ಕೂಡ್ಲೇ ಇಲ್ಲಿನ ಡಾಕ್ಟರಿಗೆ ತೋರಿಸ್ದೆ. ಒಳ್ಳೆಯವ್ರು, ಔಷಧಿ ಕೊಟ್ರು, ಈ ಸಲ ಏನೂ ಆಗಲ್ಲ ಅಂದ್ರು. ಈ ಸಲ! ಮತ್ತೆ ಹೋಗಿ ಅಲ್ಲೇ ತಾನೇ ಮಲಗೋದು? ಮುಂದಿನ ಸಲ ಯಾರು ನೋಡ್ತಾರೆ? ಯಾರು ಬಾಯಿ ತೆಗೆಸಿ...

ಇಲ್ಲ, ಏನಿಲ್ಲ. ನೀರು ಬೇಡ. ಹೀಗೇ ಆಗತ್ತೆ ಒಂದೊಂದ್ಸಲ.

ಅದಕ್ಕೇ ನಿನ್ನ ಕರೆಸಿದ್ದು. ಒಂದು ತಿಂಗಳು ಅವಳನ್ನ ಇಟ್ಕೋ. ಒಂದೇ ತಿಂಗಳು. ಮುಂದಿನ ವಾರ ನಂಗೆ ಆಪರೇಷನ್ನು. ಹೊಸ ಕವಾಟ ಹಾಕ್ತಾರಂತೆ, ಈಗೆಲ್ಲ ಅದು ಮಾಮೂಲಿ. ನಾಲ್ಕು ಹೆಜ್ಜೆ ಹಾಕೋ ಹಾಗಾಗ್ಲಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಭಾವನಿಗೂ ಹಾಗೇ ಹೇಳು. ಊಟಕ್ಕೆ ಹಠ ಮಾಡಲ್ಲ ಅವಳು. ಲೆಕ್ಕ ಸ್ವಲ್ಪ ಹಿಂದೆ, ಬೈಬೇಡ. ಜಡೆ ಬಿಗಿಯಾಗಿ ಹಾಕಿದ್ರೆ ತಲೆನೋವು ಬರತ್ತೆ. ನಿದ್ದೆಯಲ್ಲಿ ಮಾತಾಡ್ತಾಳೆ, ಹೆದರ್ಕೋಬೇಡ, ಮೈ ಮುಟ್ಟಿದ್ರೆ ಸುಮ್ಮನಾಗ್ತಾಳೆ.

ಯಾಕೆ ಹಾಗೆ ನೋಡ್ತೀಯಾ? ಮುಂದಿನ ವಾರ ಅಂದ್ನಲ್ಲ.

ಒಳಗೆ ಬರೋಕೆ ಮುಂಚೆ ಡಾಕ್ಟರ ರೂಮಿಗೆ ಹೋಗಿದ್ಯಾ?

ನಿಂಗೂ ಹೇಳಿದ್ರಾ, ಈ ಎದೆ ಆಪರೇಷನ್ ತಡೆಯಲ್ಲ ಅಂತ?

...ಬಟ್ಟೆ ಚೀಲ ಮಂಚದ ಕೆಳಗೇ ಇದೆ. ಈಗ್ಯಾಕೆ ಬಿಚ್ತೀಯಾ, ಮನೆಗೆ ಹೋಗಿ ನೋಡು. ಬೇಡ ಅಂದ್ನಲ್ಲ... ಅದು ಸ್ಕೂಲಿನ ಅಂಗಿ. ಹೌದು, ಅವಳಿಗೆ ದೊಡ್ಡದೇ. ಬೆಳೆಯೋ ಮಗು, ಮುಂದಿನ ವರ್ಷಕ್ಕೆ ಆಗ್ಲಿ ಅಂತ... ಕೆಳಗಿರೋದು ಅದಕ್ಕಿಂತ ದೊಡ್ಡದು. ಅದನ್ನ ತೆಗೀಬೇಡ. ಹಾಗೇ ಮಡಿಸಿಡು. ಅವಳು ಬಾಟ್ಲಿಗೆ ನೀರು ಹಿಡಿಯೋಕೆ ಹೋಗಿದ್ದಾಳೆ, ಈಗ ಬಂದ್ಬಿಡ್ತಾಳೆ.

ಅವಳಿಗೂ ಒಂದೇ ತಿಂಗಳು ಅಂತಲೇ ಹೇಳಿದೀನಿ. ಕಣ್ಣು ಒರೆಸ್ಕೋ ಬೇಗ.