ಹತ್ತಕ್ಕೇ ಒತ್ತಿದ ಗುಂಡಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿರುವ ಇಂದಿನ ಸನ್ಮಾನಿತರಾದ ಹಿಲ್ಡಾ ಜಾಸ್ಟ್ರೋ ಮತ್ತು ವರ್ನಾ ಕುಬಿಯಾಕ್ ಅವರೇ, ಆಗಲೇ ಅಡುಗೆಮನೆಯತ್ತ ಮೂಗು ತಿರುಗಿಸಿರುವ ಸಭಿಕರೇ,

ಒಂದು ಚಾರಿತ್ರಿಕ ಘೋಷಣೆ ಮಾಡಲು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಮ್ಮ ಕೌಂಟಿ ನ್ಯಾಯಾಲಯದ ಜ್ಯೂರಿ ಕೋಣೆಯ ಕರೆಗಂಟೆಯ ಗುಂಡಿ ಇಂದು ಬೆಳಿಗ್ಗೆ ಬದಲಾಯಿತು! ಹಳೆಯದು ಕಪ್ಪು, ಹೊಸದು ಕೆಂಪು. ಚಪ್ಪಾಳೆ ತಟ್ಟಿ, ಸಂಕೋಚ ಬೇಡ.

ಒಂದು ಗುಂಡಿಗೆ ಇಷ್ಟೊಂದು ಸಡಗರವೇ? ಸ್ವಾಮಿ, ಸರ್ಕಾರ ಒಬ್ಬನತ್ತ ಬೆರಳು ತೋರಿಸಿದಾಗ ಅವನು ಮನೆಗೋ ಜೈಲಿಗೋ ಎಂದು ಹೇಳುವವರು ಯಾರು? ಕಪ್ಪು ನಿಲುವಂಗಿಯವರೇ? ಅಲ್ಲ! ಹಾಲು ಕರೆಯುವವರು, ಬಸ್ಸು ಓಡಿಸುವವರು, ನನ್ನಂತೆ ತಲೆ ಕತ್ತರಿಸುವವರು, ಕ್ಷಮಿಸಿ, ತಲೆಗೂದಲು ಕತ್ತರಿಸುವವರು. ಹನ್ನೆರಡು ಮಂದಿ, ಅದೇ ಜ್ಯೂರಿ. ಅವರು ತೀರ್ಮಾನಕ್ಕೆ ಬಂದರೆಂದು ಲೋಕಕ್ಕೆ ಸಾರುವುದು ಈ ಗುಂಡಿ.

ಹಳೆಯ ಗುಂಡಿಯನ್ನು ನಾನು ಮೊದಲು ಒತ್ತಿದ್ದು ಒಂದು ಸಿವಿಲ್ ದಾವೆಯಲ್ಲಿ. ಒಬ್ಬರ ಹಸು ಬೇಲಿ ಮುರಿದು ಪಕ್ಕದವರ ಮದುವೆ ಡೇರೆಗೆ ನುಗ್ಗಿತ್ತು. ಸಿವಿಲ್‌ನಲ್ಲಿ ಹನ್ನೆರಡರಲ್ಲಿ ಹತ್ತು ಮಂದಿ ಒಪ್ಪಿದರೆ ಸಾಕು. ಹತ್ತು ಕೈ ಎದ್ದವು, ಗುಂಡಿ ಒತ್ತಿದೆ, ಮನೆಗೆ ಹೋದೆ. ಜ್ಯೂರಿಯ ಮುಖ್ಯಸ್ಥನಾಗಲೆಂದೇ ಹುಟ್ಟಿದವನು ನಾನು ಎಂದು ಹೆಂಡತಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು.

ಐದು ವರ್ಷದ ಮೇಲೆ ಎಮಿಲ್ ಲೋರ್ಬೆಕ್‌ನ ಮೊಕದ್ದಮೆ ಬಂತು. ಮತ್ತೆ ನಾನೇ ಮುಖ್ಯಸ್ಥ. ಎಮಿಲ್ ಹಾಲಿನ ಲಾರಿ ಓಡಿಸುತ್ತಿದ್ದ. ಚೀಸ್ ಉಗ್ರಾಣವೊಂದರಿಂದ ಬಂಡಿಗಾಲಿಯಂಥ ಮೂವತ್ತು ಚೀಸ್ ಗಟ್ಟಿಗಳು ಮಾಯವಾಗಿದ್ದವು. ಎಲ್ಲವೂ ನಾಲ್ಕೇ ತಿಂಗಳ ಹಿಂದೆ ಮಾಡಿದವು. ಎಮಿಲ್‌ನ ನೆಲಮಾಳಿಗೆಯಲ್ಲಿ ಒಂದು ಗಟ್ಟಿ ಸಿಕ್ಕಿತು. "ಅದು ನಮ್ಮಪ್ಪ ಇಟ್ಟುಹೋದದ್ದು" ಎಂದ. ಅಪ್ಪ ತೀರಿಕೊಂಡಿದ್ದರು; ಯಾರನ್ನು ಕೇಳುವುದು? ಸಾಬೀತಾದರೆ ಮೂರು ವರ್ಷ ಜೈಲು. ಹೆಂಡತಿ ತುಂಬುಗರ್ಭಿಣಿ.

ಅಂದು ಶುಕ್ರವಾರ. ಶುಕ್ರವಾರ ಸಂಜೆ ನಮ್ಮ ಈ ಕ್ಲಬ್ಬಿನ ಕರಿದ ಮೀನಿನೂಟಕ್ಕೆ ತಡವಾಗಿ ಹೋದವನಿಗೆ ಬಾಲವಷ್ಟೇ ಗತಿ ಎಂದು ನಿಮಗೆ ಹೇಳಬೇಕೇ? ನಾಲ್ಕು ಗಂಟೆಗೆ ಕೈ ಎತ್ತಿಸಿದೆ. ಹತ್ತು ಕೈ ಅಪರಾಧಿ ಎಂದವು. ಎತ್ತದವರು ಹಿಲ್ಡಾ ಮತ್ತು ವರ್ನಾ. ಇಬ್ಬರೂ ಚೀಸ್ ಮಾಡುವವರು; ಜಾತ್ರೆಯ ಚೀಸ್ ಸ್ಪರ್ಧೆಯ ಬಹುಮಾನದ ಜಗಳವಾಗಿ ಆಗಲೇ ಹನ್ನೊಂದು ವರ್ಷದಿಂದ ಇವರಿಗೆ ಮಾತಿರಲಿಲ್ಲ.

"ಇನ್ನೂ ಮಾತಾಡೋದಿದೆ ಕಣೋ ರೋಲಿ" ಎಂದರು ಹಿಲ್ಡಾ.

"ಹತ್ತಾಯ್ತಲ್ಲಮ್ಮ, ಸಾಕು" ಎಂದು ಗುಂಡಿ ಒತ್ತಿದೆ. ಉಳಿದವರು ಅನುಭವಸ್ಥನೆಂದು ನನ್ನನ್ನು ನಂಬಿದರು. ಕ್ರಿಮಿನಲ್‌ನಲ್ಲಿ ಹನ್ನೆರಡೂ ಮಂದಿ ಒಪ್ಪಬೇಕೆಂದು ನ್ಯಾಯಾಧೀಶರು ಓದಿ ಹೇಳಿದ್ದರು, ನಿಜ. ಆಗ ನಾನು ಬಾಲದ ಚಿಂತೆಯಲ್ಲಿದ್ದೆ.

ತುಂಬಿದ ನ್ಯಾಯಾಲಯದಲ್ಲಿ "ಅಪರಾಧಿ" ಎಂದು ಓದಿದೆ. ಎಮಿಲ್ ಮೇಜಿನಂಚು ಹಿಡಿದುಕೊಂಡ. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು: "ಇದು ನಿಮ್ಮ ತೀರ್ಪೇ?"

"ಅಲ್ಲ ಸ್ವಾಮಿ" ಎಂದರು ವರ್ನಾ.

"ನಂದೂ ಅಲ್ಲ. ಇವಳ ಜೊತೆ ಒಪ್ಕೊಳ್ಳೋದು ನಂಗೇನೋ ಖುಷಿ ಅಂದ್ಕೋಬೇಡಿ" ಎಂದರು ಹಿಲ್ಡಾ.

ನ್ಯಾಯಾಧೀಶರು ನನ್ನನ್ನು ನೋಡಿದರು. "ಮುಖ್ಯಸ್ಥರೇ, ನಿಮಗೆ ಎಷ್ಟರವರೆಗೆ ಎಣಿಸಲು ಬರುತ್ತದೆ?"

ಮತ್ತೆ ಕೋಣೆಗೆ ಅಟ್ಟಿದರು. ಮೇಜಿನ ಮೇಲೆ ಸಾಕ್ಷ್ಯದ ಚೀಸ್ ಗಟ್ಟಿ, ಒಂದು ಬದಿ ಕತ್ತರಿಸಿದ್ದು.

"ಕತ್ತರಿಸಿದ ಕಡೆ ನೋಡು ರೋಲಿ," ಎಂದರು ಹಿಲ್ಡಾ, "ಪುಡಿಪುಡಿ ಆಗ್ತಿದೆ, ಬಿಳೀ ಹರಳು ಕೂತಿದೆ. ನಾಲ್ಕು ತಿಂಗಳ ಚೀಸ್ ರಬ್ಬರ್ ಥರ ಬಗ್ಗುತ್ತೆ. ಇದಕ್ಕೆ ಐದು ವರ್ಷ."

"ಆರು ಅಂತ ಅವಳಿಗೆ ಹೇಳು ರೋಲಿ" ಎಂದರು ವರ್ನಾ.

"ಐದು ಅಂತ ಅವಳಿಗೆ ಹೇಳು!"

ಐದೋ ಆರೋ, ಕಳವಾದ ಚೀಸ್ ಇದಲ್ಲ! ದಿನಾ ಚೀಸ್ ತಿನ್ನುವ ನಾವು ಹತ್ತು ಮಂದಿ ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದೆವು. ಈ ಸಲ ಹನ್ನೆರಡು ಕೈ ಎದ್ದವು. ನಿರಪರಾಧಿ. ಕ್ಲಬ್ಬಿನಲ್ಲಿ ಬಾಲವೂ ಉಳಿದಿರಲಿಲ್ಲ.

ಮುಂದಿನ ವಾರ ಎಮಿಲ್‌ಗೆ ಮಗಳು ಹುಟ್ಟಿದಳು. ಇಪ್ಪತ್ತೆರಡು ವರ್ಷದಿಂದ ಅವನು ಕ್ಷೌರಕ್ಕೆ ನನ್ನ ಅಂಗಡಿಗೇ ಬರುತ್ತಾನೆ. ಕತ್ತಿ ನನ್ನ ಕೈಯಲ್ಲಿ, ಕುತ್ತಿಗೆ ಅವನದು. ಆದರೂ ಹೆದರುವವನು ನಾನು. ಆ ಮಾತನ್ನು ಅವನು ಎತ್ತಿಲ್ಲ. ನಾನೂ ಎತ್ತಿರಲಿಲ್ಲ, ಇವತ್ತಿನವರೆಗೆ. ಈಗ ಒಳಗೆ ನಮಗೆಲ್ಲ ಮೀನು ಕರಿಯುತ್ತಿರುವವನು ಅವನೇ. ಎಮಿಲ್, ಕೇಳಿಸುತ್ತಿದೆಯೇನಯ್ಯ? ನನಗೆ ಬಾಲವೇ ಇರಲಿ.

ಹಿಲ್ಡಾ ಅವರಿಗೆ, ವರ್ನಾ ಅವರಿಗೆ, ಬೇರೆಬೇರೆಯಾಗಿ ವಂದನೆಗಳು. ಎಲ್ಲರಿಗೂ ನಮಸ್ಕಾರ.

ಹಾಂ, ಒಂದು ನಿಮಿಷ. ಹೊಸ ಗುಂಡಿಯ ಕೆಳಗೆ ಹಾಕಲು ಚೀಟಿ ಬರೆದು ತಂದಿದ್ದೇನೆ: "ಸಿವಿಲ್‌ಗೆ ಹತ್ತು. ಕ್ರಿಮಿನಲ್‌ಗೆ ಹನ್ನೆರಡು. ಮೀನು ನಿಮಗಾಗಿ ಕಾಯುತ್ತದೆ." ಅಂಟಿಸುವ ಟೇಪ್ ಮರೆತುಬಿಟ್ಟೆ. ಯಾರ ಹತ್ತಿರವಾದರೂ ಒಂದು ಗೇಣಷ್ಟು ಇದ್ದರೆ ದಯವಿಟ್ಟು ಕೊಡಿ.