ಉಪಗ್ರಹದಿಂದ ಅಮ್ಮನ ತೇರ್ಸ್

ಈ ಸನ್ಮಾನ ಸಭೆಯ ಅಧ್ಯಕ್ಷರಾದ ಶ್ರೀಮತಿ ಜಾನೆಟ್ ಅವರೇ, ವೇದಿಕೆಯ ಗಣ್ಯರೇ, ದೇರೆಬೈಲಿನ ನನ್ನ ನೆರೆಕರೆಯವರೇ, ಸಭಿಕರೇ,

ಟಿವಿ ಚಾನೆಲ್‌ಗಳ ಉಪಗ್ರಹಗಳನ್ನು ಕಕ್ಷೆಗೆ ಏರಿಸುವ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದ ಈ ಲೆಸ್ಟರನಿಗೆ ಶಾಲು ಹೊದಿಸಿದ್ದೀರಿ. ಈ ಸೆಕೆಯಲ್ಲಿ ಶಾಲು! ಆದರೂ ಸಂತೋಷ.

ರಾಕೆಟ್ ಮೇಲೇರಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ನನ್ನ ಕೆಲಸ ಶುರುವಾಗುವುದೇ ಆಮೇಲೆ. ಉಪಗ್ರಹ ತನ್ನ ಜಾಗದಲ್ಲಿ ನಿಂತ ಮೇಲೆ ಒಂದು ಚಿತ್ರ ಕಳುಹಿಸಿ, ಅದು ಸರಿಯಾಗಿ ಕೆಳಗೆ ಬರುತ್ತದೆಯೇ ಎಂದು ನೋಡಬೇಕು. ಹದಿನೇಳು ವರ್ಷದ ಹಿಂದೆ ಅಂಥದ್ದೊಂದು ದಿನ, ಪರೀಕ್ಷೆಗೆಂದು ಕಳುಹಿಸುವ ಬಣ್ಣದ ಪಟ್ಟಿಗಳ ಟೇಪು ಯಂತ್ರದಲ್ಲಿ ಸಿಕ್ಕಿಕೊಂಡಿತು. ನನ್ನ ಚೀಲದಲ್ಲಿದ್ದ, ಮನೆಯಲ್ಲಿ ತೆಗೆದ ವಿಡಿಯೋ ಟೇಪು ಹಾಕಿದೆ. ಅದರಲ್ಲಿ ನನ್ನ ಅಮ್ಮ ಉರ್ಸುಲಾ ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಹೇಳುತ್ತಿದ್ದರು. ನಿಯಮಕ್ಕೆ ವಿರುದ್ಧ, ಒಪ್ಪುತ್ತೇನೆ. ಹನ್ನೊಂದು ನಿಮಿಷ ಅಮ್ಮ ಅರ್ಧ ಏಷ್ಯಾಕ್ಕೆ ಪ್ರಸಾರವಾದರು. ಫೋನಿನಲ್ಲಿ ತಿಳಿಸಿದರೆ, "ಎಂತ ಪುತಾ, ಮುಂಚೆ ಹೇಳಬಾರದಾ? ಒಳ್ಳೆ ಸೀರೆ ಉಡ್ತಿದ್ದೆ" ಎಂದರು.

ಅಮ್ಮ ತೀರಿಕೊಂಡು ಹತ್ತು ವರ್ಷವಾಯಿತು. ಆ ಉಪಗ್ರಹದ ಆಯುಷ್ಯವೂ ಕಳೆದ ಫೆಬ್ರವರಿಗೆ ಮುಗಿಯಿತು. ಬೇರೆ ಉಪಗ್ರಹಗಳಿಗೆ ಅಡ್ಡ ಬಾರದಂತೆ ಅದನ್ನು ಇನ್ನೂ ಮೇಲಕ್ಕೆ ತಳ್ಳಿ, ಎಲ್ಲವನ್ನೂ ಆಫ್ ಮಾಡುವ ಆದೇಶ ಕೊಟ್ಟವನು ನಾನೇ. ಅದಿನ್ನು ಮಾತಾಡಬಾರದು. ಮಾತಾಡಬಾರದಲ್ಲವೇ?

ಮಾರ್ಚಿನಿಂದ ನಮ್ಮ ಮನೆಯ ಟಿವಿಯಲ್ಲಿ ಸಂಜೆ ಏಳಕ್ಕೆ ಅಮ್ಮ ಬರುತ್ತಾರೆ. ಡಿಶ್ಶಿನ ವಯರು ಕಿತ್ತು ನೋಡಿದೆ. ಆದರೂ ಬರುತ್ತಾರೆ. ತೇರ್ಸ್ ಮುಗಿದ ಮೇಲೆ ಮನೆಯಲ್ಲಿ ಸತ್ತವರ ಹೆಸರು ಹೇಳಿ ಪ್ರಾರ್ಥಿಸುವ ಕ್ರಮ ನಮ್ಮಲ್ಲಿ ಉಂಟು. ಟೇಪಿನಲ್ಲಿ ಅಮ್ಮ ಹೇಳಿದ್ದು ಮೂರು ಹೆಸರು. ಏಪ್ರಿಲ್‌ನಲ್ಲಿ ಒಂದು ಸಂಜೆ ನಾಲ್ಕಾಯಿತು: ಇಸಿದೋರ್, ನನ್ನ ಅಣ್ಣ. ಮರುದಿನ ಅವನು ತೀರಿಹೋದ.

ಐದನೆಯ ಹೆಸರು ನಿನ್ನೆ ಬಂತು. ಶರ್ಲಿ. ಕಾಟಿಪಳ್ಳದಲ್ಲಿರುವ ನನ್ನ ತಂಗಿ. ನನಗೆ ಉಳಿದಿರುವವಳು ಅವಳೊಬ್ಬಳೇ. ಹೆದರಿ ಹೋದೆ. ಬೆಳಿಗ್ಗೆ ಫೋನ್ ಮಾಡಿದರೆ ನಕ್ಕಳು: "ನನಗೆ ಎಂತ ಆಗ್ತದೆ? ಒಂದು ಶೀತ ಕೂಡ ಇಲ್ಲ. ಮೂರು ಗಂಟೆಗೆ ಹೊರಡ್ತೇನೆ, ಮುಂದಿನ ಸಾಲಲ್ಲಿ ಜಾಗ ಹಿಡಿ."

ಹಿಡಿದಿದ್ದೇನೆ. ಅಗೋ, ಕರ್ಚೀಫು ಹಾಕಿದ ಕುರ್ಚಿ. ಈಗ ಐದೂವರೆ. ಕಾಟಿಪಳ್ಳದಿಂದ ಇಲ್ಲಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ.

ಭಾಷಣ ಉದ್ದವಾಯಿತೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ, ಕ್ಷಮಿಸಿ. ನಾನು ಮಾತಿಗೆ ನಿಂತಾಗಿನಿಂದ ಕಿಸೆಯಲ್ಲಿ ಫೋನು ನಡುಗುತ್ತಲೇ ಇದೆ. ಶರ್ಲಿಯ ಗಂಡನ ನಂಬರು. ಎತ್ತಿಲ್ಲ. ನಾನು ಮಾತಾಡುವಷ್ಟು ಹೊತ್ತು ನನ್ನ ತಂಗಿ ಬಸ್ಸಿನಲ್ಲಿ ಬರುತ್ತಿರುತ್ತಾಳೆ.

ಅಷ್ಟು ಹೊತ್ತು ಎದ್ದು ಹೋಗದೆ ಕೂತು ಕೇಳಿದಿರಿ, ನಿಮಗೆಲ್ಲ ದೊಡ್ಡ ಉಪಕಾರ. ಇನ್ನು ಫೋನ್ ಎತ್ತುತ್ತೇನೆ. ನಮಸ್ಕಾರ.