ದುಪಟ್ಟಾಗೆ ಅಂಟಿದ ಪರಾಗ

...ಆ ಪೇಡದ ಡಬ್ಬಿ ಟೀಪಾಯಿ ಮೇಲಿಡು ಸುಚಿತ್ರಾ, ನನ್ನ ಕೈಗೇ ಕೊಡಬೇಕೂಂತ ಏನಿಲ್ಲ. ಹೊಸ ಕೆಲಸದ ಸಿಹಿ! ಬೀಜದ ಕಂಪನಿ, ಹೈದರಾಬಾದು, ಕೈಯಲ್ಲಿ ಮೊಬೈಲು ಬೇರೆ... ಸಿದ್ಧಾರ್ಥನಗರದಿಂದ ಈ ಯಾದವಗಿರಿಗೆ ಆಟೋದಲ್ಲೇ ಬಂದೆಯೋ, ಕಾರೂ ಕೊಟ್ಟಿದ್ದಾರೋ?

ಯಾಕೆ ನಗ್ತೀಯ? ನಾನು ತಮಾಷೆ ಮಾಡ್ತಿಲ್ಲ ಕಣೇ.

ನಮ್ಮ ಸಂಶೋಧನಾ ಕೇಂದ್ರದ ಹೊಲದಲ್ಲಿ ಸೂರ್ಯಕಾಂತಿ ಹೂ ಬಿಟ್ಟಿದ್ದಾಗ ಒಂದಿನ, 'ಬೆಳಿಗ್ಗೆಯಿಂದ ಪರಾಗ ಇಲ್ಲದ ಸಾಲಲ್ಲೇ ಇದ್ದೆ ಪ್ರೇಮಕ್ಕ' ಅಂದೆ. ದುಪಟ್ಟಾ ತುಂಬ ಹಳದಿ! ಪರಾಗವೇ ಬಿಡದ ಹೂವಿಂದ ಆ ಹಳದಿ ಹೇಗಮ್ಮ ಬಂತು? ನೀನಿದ್ದದ್ದು ಪರಾಗ ಬಿಡೋ ನಮ್ಮ ಗಂಡು ತಳಿಯ ಮಡಿಯಲ್ಲಿ. ಕೊಯ್ಲಿನ ಹೊತ್ತಿಗೆ ಅದರ ಒಳ್ಳೊಳ್ಳೆ ತೆನೆಗಳೇ ಮಾಯ. ಗಿಣಿ ತಿಂತು ಅಂದೆ. ದಂಟು ಸಮೇತ, ನೀಟಾಗಿ! ಚಾಕು ಇಟ್ಕೊಂಡ ಗಿಣಿ!

ಕಿಟಕಿ ಕಡೆ ಏನು ನೋಡ್ತೀಯ? ಇಲ್ಲಿ ನೋಡು.

ಎಷ್ಟು ವರ್ಷ ಕಣೇ... ಎಳೇ ಎಲೆ ಅರೆದು, ಡಿಎನ್ಎ ತೆಗೆದು, ಜೆಲ್ ಮೇಲೆ ಆ ಒಂದು ಗೆರೆಗಾಗಿ ಕಾದು ಕೂತದ್ದು! ಗೆರೆ ಕಂಡರೆ ಸಾಕು, ಈ ಗಂಡು ಗಿಡವನ್ನ ಆ ಪರಾಗ ಇಲ್ಲದ ಬರಡು ಸಾಲಿಗೆ ಕೂಡಿಸಿದರೆ ಮುಂದಿನ ಪೀಳಿಗೆಗೆ ಪರಾಗ ಬರುತ್ತೆ, ಕಾಳು ಕಟ್ಟುತ್ತೆ ಅಂತ ಹೂ ಬಿಡೋಕೆ ಮೊದಲೇ ಹೇಳ್ತಿದ್ದೋಳು ನಾನು. ಬೆಳೆಯ ಸಿರಿ ಮೊಳಕೆಯಲ್ಲಿ! ಆದರೆ ಪಕ್ಕದ ಸ್ಟೂಲಲ್ಲಿ ಕೂತೋಳ ಗುಣ... ಅದಕ್ಕೆ ಯಾವ ಗೆರೆ?

ನೀನು ಆ ಕಂಪನಿಗೆ ಕೊಟ್ಟ ಬೀಜ ಸರ್ಕಾರದ ಸೊತ್ತು. ರೈತರಿಗೆ ಅಗ್ಗವಾಗಿ ಸಿಗಲಿ ಅಂತ ಮಾಡಿದ್ದು. ಅಳಬೇಡ. ಡೈರೆಕ್ಟರಿಗೆ ಹೇಳೋಲ್ಲ. ನನಗೇನೂ ಬೇಕಾಗಿಲ್ಲ, ನಿನಗೇ ಗೊತ್ತಲ್ಲ... ತತ್ವ ಅನ್ನೋದೊಂದಿದೆ ನೋಡು.

ಅದಿರಲಿ. ಸುಮ್ಮನೆ ಕುತೂಹಲಕ್ಕೆ ಕೇಳ್ತೀನಿ. ಆ ಗೆರೆ ಹುಡುಕಿದ್ದು ಯಾರು ಅಂತ ಇಂಟರ್‌ವ್ಯೂನಲ್ಲಿ ಕೇಳಿರಬೇಕಲ್ಲ? ನನ್ನ ಹೆಸರು ಹೇಳಿದೆಯಾ?

ಹೇಳಿದೆ ಅಂತೀಯ. ಸಂತೋಷ. ಕಾಫಿ ಆರ್ತಿದೆ, ಕುಡಿ... ಮತ್ತೆ ಅವರು? ಮೇಡಂನೂ ಕರ್ಕೊಂಡು ಬನ್ನಿ ಅಂತ... ಅಂಥದ್ದೇನಾದರೂ?

ಲೋಟ ಯಾಕೆ ಕೆಳಗಿಟ್ಟೆ?

ಅಂದರೆ ಕೇಳಿದ್ದಾರೆ! ಕೇಳಿದ್ದಾರೆ ಅಲ್ವಾ? ನೀನು ಏನಂದೆ? ಪ್ರೇಮಕ್ಕ ಇಂಥದ್ದಕ್ಕೆಲ್ಲ ಬರೋರಲ್ಲ ಅಂತ ನೀನೇ ಹೇಳಿಬಿಟ್ಟೆಯಾ? ಹೂಂ ಅಂತ ತಲೆ ಬೇರೆ ಆಡಿಸ್ತೀಯ...

ಹಾಗೆ ನೋಡಬೇಡ. ಹೌದು, ಆ ಕಂಪನಿಯಿಂದ ನನಗೂ ಫೋನು ಬರುತ್ತೇಂತ ಕಾದಿದ್ದೆ. ಎರಡು ವಾರದಿಂದ ಮಾರ್ಕೆಟ್ಟಿಗೂ ಹೋಗಿಲ್ಲ.

ನನ್ನನ್ನ ಒಂದು ಮಾತು ಕೇಳೋದಲ್ವೇನೇ?

ಬರ್ತಿದ್ದೆ ಕಣೇ.